ಹುಳದ ಮನೆಯ ಚೆಲ್ಲಾಪಿಲ್ಲಿ

ಚೆಲ್ಲಾಪಿಲ್ಲಿ ಅನ್ನುವ ಮಾತು ಸಪ್ಪಲಮ್ಮನಿಗೆ ಹೊಸದಲ್ಲ. ಮೊರದಲ್ಲಿದ್ದ ರಾಗಿಗೆ ಕೋಳಿ ನುಗ್ಗಿದರೆ ಚೆಲ್ಲಾಪಿಲ್ಲಿ. ಕಣದಲ್ಲಿದ್ದ ಜನದ ಮೇಲೆ ಹೆಜ್ಜೇನು ಎದ್ದರೆ ಚೆಲ್ಲಾಪಿಲ್ಲಿ. ಅವಳ ಅವ್ವ ಸತ್ತು, ಐದು ಮಕ್ಕಳು ಐದು ಊರು ಸೇರಿದಾಗ ನೆಂಟರು ಅಂದದ್ದೂ ಅದನ್ನೇ. "ಪಾಪ, ಮಕ್ಕಳು ಚೆಲ್ಲಾಪಿಲ್ಲಿ ಆಗೋದ್ವು." ಆಗ ಅವಳಿಗೆ ಒಂಬತ್ತು ವರ್ಷ. ಎರಡನೇ ಕ್ಲಾಸು ಮುಗಿದಿತ್ತು. ತನ್ನ ಹೆಸರು ಬರೆಯಲು ಬರುತ್ತಿತ್ತು. ಸ್ಕೂಲು ಅಲ್ಲಿಗೇ ನಿಂತಿತು.

ಅವಳು ಬಂದು ಸೇರಿದ್ದು ಆವತಿಯ ಕಡೆಯ ಒಂದು ಹಳ್ಳಿಗೆ, ಸೋದರತ್ತೆ ಬೈರಮ್ಮನ ಮನೆಗೆ. ಬೈರಮ್ಮನಿಗೆ ಗಂಡನಿರಲಿಲ್ಲ. ಇಬ್ಬರು ಗಂಡುಮಕ್ಕಳು. ದೊಡ್ಡವನು ಆವಲಪ್ಪ, ಚಿಕ್ಕವನು ಪಿಳ್ಳಣ್ಣ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಎತ್ತು ಹೂಡಿ ನೀರೆತ್ತುವ ಒಂದು ಕಪಿಲೆ ಬಾವಿ, ಅಂಗಳದ ಆಚೆ ತುದಿಯಲ್ಲಿ ಒಂದು ಉದ್ದನೆಯ ಹುಳದ ಮನೆ. ರೇಷ್ಮೆ ಹುಳ ಮೇಯಿಸುವುದೇ ಆ ಮನೆಯ ಕಸುಬು.

ಹುಳದ ಮನೆಗೆ ಬೈರಮ್ಮನ ಕಟ್ಟಳೆಗಳಿದ್ದವು. ಚಪ್ಪಲಿ ಹಾಕಿಕೊಂಡು ಬರಬಾರದು. ಒಗ್ಗರಣೆ ಹಾಕಿದ ಕೈಯಲ್ಲಿ ಹುಳ ಮೇಯುವ ಬಿದಿರು ತಟ್ಟೆ ಮುಟ್ಟಬಾರದು. ಗಟ್ಟಿಯಾಗಿ ಮಾತಾಡಬಾರದು. ಚೆಲ್ಲಾಪಿಲ್ಲಿ ಅನ್ನುವ ಮಾತನ್ನಂತೂ ಆಡಲೇಬಾರದು. ಹೊಸದರಲ್ಲಿ ಸಪ್ಪಲಮ್ಮ ಬಾಯಿ ತಪ್ಪಿ ಅಂದುಬಿಟ್ಟಿದ್ದಳು. ಬೈರಮ್ಮ ತಲೆಗೆ ಒಂದು ಮೊಟಕಿದಳು.

"ಆ ಮಾತು ಹೊರಗೆ ಆಡು. ಇಲ್ಲಿ ಬಿದ್ರೆ ಬಿತ್ತು ಅನ್ನು, ಒಡೆದ್ರೆ ಒಡೀತು ಅನ್ನು. ಏನಾಯ್ತೋ ಅದನ್ನ ಹೇಳು. ಎಲ್ಲಾ ಸೇರಿಸಿ ಒಂದೇ ಮಾತು ಹೇಳಿಬಿಟ್ರೆ ನಂಗೇನು ಗೊತ್ತಾಯ್ತದೆ?"

ಅದರಲ್ಲೂ ಒಂದು ಕಸುಬಿತ್ತು. ಬೆಳಗ್ಗೆ ಬಾಗಿಲು ತೆಗೆದಾಗ ಒಂದು ತಟ್ಟೆ ಕೆಳಗೆ ಬಿದ್ದಿದ್ದರೆ, ಸೊಪ್ಪು ಹರಡಿದ್ದರೆ, ಬೈರಮ್ಮ ತಕ್ಷಣ ಎತ್ತಲು ಬಿಡುತ್ತಿರಲಿಲ್ಲ. ಮೊದಲು ನೋಡು ಅನ್ನುತ್ತಿದ್ದಳು. ಇಲಿ ಬಂದಿದ್ದರೆ ಸೊಪ್ಪಿನ ಜಾಡು ಗೋಡೆಯ ಬುಡಕ್ಕೆ ಹೋಗಿರುತ್ತದೆ. ಬೆಕ್ಕು ಬಂದಿದ್ದರೆ, ತಟ್ಟೆಗಳನ್ನು ಸಾಲು ಸಾಲಾಗಿ ಜೋಡಿಸಿದ ಅಟ್ಟಣೆಯಲ್ಲಿ ಮೇಲಿನ ಸಾಲಿನ ತಟ್ಟೆಯೇ ಬಿದ್ದಿರುತ್ತದೆ, ಕೆಳಗಿನದು ಅಲ್ಲಾಡಿರುವುದಿಲ್ಲ. ಅಟ್ಟಣೆಯ ಕಾಲಿನ ಕೆಳಗಿರುವ ಕಲ್ಲು ಬಟ್ಟಲಲ್ಲಿ ನೀರು ಬತ್ತಿದ್ದರೆ ಇರುವೆ ಹತ್ತಿರುತ್ತದೆ, ಆಗ ಬಿದ್ದಿರುವುದು ಬರೀ ಹುಳ, ತಟ್ಟೆ ಅಲ್ಲ. ಹೀಗೆ ಬಿದ್ದದ್ದನ್ನು ಓದುವುದನ್ನು ಸಪ್ಪಲಮ್ಮ ಕಲಿತಳು. ಸ್ಕೂಲಿನಲ್ಲಿ ಕಲಿಯದೆ ಬಿಟ್ಟದ್ದನ್ನು ಅಲ್ಲಿ ಕಲಿತಳು.

ಹದಿನೇಳು ತುಂಬಿದಾಗ ಅವಳನ್ನು ಆವಲಪ್ಪನಿಗೇ ಕೊಟ್ಟು ಮಾಡಿದರು. ಮೊದಲಿಂದಲೂ ಬಾವ ಅನ್ನುತ್ತಿದ್ದಳು, ಮದುವೆಯಾದ ಮೇಲೂ ಬಾವ ಅಂತಲೇ ಕರೆದಳು. ಆವಲಪ್ಪ ಜನರ ಹತ್ತಿರ ಮಾತು ಕಡಿಮೆ. ಹುಳದ ಹತ್ತಿರ ಜಾಸ್ತಿ. ಸೊಪ್ಪು ಹಾಕುತ್ತಾ, "ತಿನ್ರಪ್ಪಾ, ಮುಜುಗರ ಮಾಡ್ಕೋಬೇಡಿ, ನಿಮ್ಮದೇ ಮನೆ" ಅನ್ನುತ್ತಿದ್ದ. ಹೆಂಡತಿಗೆ ಒಂದು ದಿನವೂ ಹಾಗೆ ಅಂದವನಲ್ಲ. ಆದರೆ ಉಂಡ ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದ. ಅದನ್ನು ಯಾರಾದರೂ ನೋಡಿದರೆ, "ಕೈ ಕೆರೆಯುತ್ತಿತ್ತು, ಅದ್ಕೆ" ಅನ್ನುತ್ತಿದ್ದ.

ಪಿಳ್ಳಣ್ಣನ ಮದುವೆಯಾದ ಮೇಲೆ ಅಣ್ಣತಮ್ಮಂದಿರು ಭಾಗವಾದರು. ತೋಟ ಎರಡಾಯಿತು, ಬಾವಿ ಒಂದೇ ಉಳಿಯಿತು, ಬೈರಮ್ಮ ದೊಡ್ಡವನ ಜೊತೆ ಉಳಿದಳು. ನೀರಿನ ಸರದಿಗೆ ವಾರಕ್ಕೊಂದು ಜಗಳ. ಅರವತ್ತೇಳನೇ ಇಸವಿಯ ಸಂಕ್ರಾಂತಿಗೆ ಇನ್ನು ಎಂಟು ದಿನ ಇರುವಾಗ ಜಗಳ ಕೈಗೆ ಬಂತು. ಬಾವಿಯ ಹತ್ತಿರ ನಾಲ್ಕು ಜನ ನೋಡುತ್ತಿರುವಾಗ ಪಿಳ್ಳಣ್ಣ ಸೊಪ್ಪು ಕೊಯ್ಯುವ ಕುಡುಗೋಲು ಎತ್ತಿ ಹಿಡಿದು, "ಇನ್ನೊಂದು ಸಲ ನನ್ನ ಸರದೀಲಿ ಎತ್ತು ಹೂಡು, ನಿನ್ನ ಹೆಣ ಇಲ್ಲೇ ಬೀಳ್ಸ್ತೀನಿ" ಅಂದ. ಆವಲಪ್ಪ ಎತ್ತಿನ ಹಗ್ಗ ಬಿಚ್ಚಿಕೊಂಡು ಮನೆಗೆ ಬಂದ. ಸಪ್ಪಲಮ್ಮನಿಗೆ ಮೈ ಉರಿದುಹೋಯಿತು.

"ಸುಮ್ನೆ ಬಂದ್ಬಿಟ್ಯಾ ಬಾವ?"

"ಹುಳ ಹಣ್ಣಾಗ್ತಾ ಅವೆ. ಜಗಳ ಆಡೋಕೆ ಆಮೇಲೂ ಟೈಮೈತೆ."

ಎರಡು ದಿನ ಕಳೆಯಿತು. ಹುಳ ಹಣ್ಣಾದವು, ಅಂದರೆ ಮೈ ಹಳದಿ ತಿರುಗಿ, ಮೇವು ಬಿಟ್ಟು, ಗೂಡು ಕಟ್ಟಲು ತಲೆ ಎತ್ತಿದವು. ಅವನ್ನು ಆರಿಸಿ ಚಂದ್ರಿಕೆಯ ಮೇಲೆ ಬಿಡಬೇಕು. ಚಂದ್ರಿಕೆ ಅಂದರೆ ಬಾಗಿಲಿನಷ್ಟು ಎತ್ತರದ ಬಿದಿರು ಚಾಪೆ, ಮೇಲೆ ಸುತ್ತು ಸುತ್ತಾಗಿ ಬಿದಿರು ಪಟ್ಟಿ. ಆ ಸುತ್ತಿನ ಸಂದಿಯಲ್ಲಿ ಹುಳ ಗೂಡು ಕಟ್ಟುತ್ತದೆ. ಅವತ್ತು ಸಂಜೆಯ ತನಕ ಆರಿಸಿದರೂ ಅರ್ಧ ಹುಳ ಇನ್ನೂ ತಟ್ಟೆಯಲ್ಲೇ ಇದ್ದವು. ಗಾಳಿ ಎದ್ದಿತು. ಪುಷ್ಯದ ಚಳಿ. ಚಳಿ ಹೆಚ್ಚಾದರೆ ಹಣ್ಣಾದ ಹುಳ ನೂಲು ಬಿಡದೆ ಮುದುರಿಕೊಂಡು ಬಿಡುತ್ತದೆ. ಒಂದು ತಿಂಗಳ ಕೆಲಸ ಒಂದು ರಾತ್ರಿಗೆ ಹೋಗುತ್ತದೆ.

ಆ ಊರಿನಲ್ಲಿ ಇದಕ್ಕೆ ಒಂದು ರೂಢಿ ಇತ್ತು. ಬಾನಲಿಯಲ್ಲಿ ಇದ್ದಿಲ ಕೆಂಡ ಮಾಡಿ ಹುಳದ ಮನೆಯ ಮೂಲೆಯಲ್ಲಿಟ್ಟು, ಒಬ್ಬರು ಕಾವಲು ಮಲಗುವುದು. ಹೊಗೆ ಬಂದರೆ ಹುಳಕ್ಕೆ ಕೆಟ್ಟದ್ದು. ಹೊಗೆ ಇಲ್ಲದ ಕೆಂಡ ಒಳ್ಳೆಯದು. ಎಲ್ಲರೂ ಹಾಗೇ ತಿಳಿದಿದ್ದರು.

ಬಾಗಿಲಿನ ಒಳಗಿನ ಅಗಳಿ ದೀಪಾವಳಿಯಲ್ಲೇ ಮುರಿದಿತ್ತು. ಬಡಗಿ ನಾಳೆ ಬರ್ತೀನಿ ಅಂದವನು ಬಂದಿರಲಿಲ್ಲ. ಗಾಳಿಗೆ ಬಾಗಿಲು ಹಾರಿ ಹಾರಿ ತೆರೆದುಕೊಳ್ಳುತ್ತಿತ್ತು. ಅದಕ್ಕೆ ಗಂಡಹೆಂಡಿರು ಒಂದು ಉಪಾಯ ಮಾಡಿದ್ದರು. ಒಳಗೆ ಒಬ್ಬರು ಮಲಗಿದರೆ ಹೊರಗಿನಿಂದ ಇನ್ನೊಬ್ಬರು ಸರಪಳಿ ಹಾಕುವುದು. ಹಿಂದಿನ ರಾತ್ರಿ ಒಳಗೆ ಮಲಗಿದ್ದವಳು ಸಪ್ಪಲಮ್ಮ, ಸರಪಳಿ ಹಾಕಿದವನು ಆವಲಪ್ಪ. ಆದರೆ ಅವತ್ತು ಕೆಂಡ ಸ್ವಲ್ಪವೇ ಇತ್ತು, ಕಿಟಕಿ ತೆರೆದಿತ್ತು.

ಈ ದಿನ ಬಾನಲಿ ತುಂಬ ಕೆಂಡ. ಸಪ್ಪಲಮ್ಮ ಹೊರಗೆ ನಿಂತು ಎರಡೂ ಕಿಟಕಿಗೆ ಗೋಣಿ ತುರುಕುತ್ತಿದ್ದಳು.

"ಬಾವ, ಇದ್ದಿಲು ಜಾಸ್ತಿ ಆಗ್ಲಿಲ್ವಾ?"

"ಹೊಗೆ ಐತಾ?"

"ಇಲ್ಲ."

"ಹೊಗೆ ಇಲ್ದಿದ್ರೆ ಹುಳಕ್ಕೆ ಏನೂ ಆಗಲ್ಲ."

"ಹುಳಕ್ಕೆ ಆಗಲ್ಲ. ನಿಂಗೆ?"

"ನಾನೂ ಹುಳಾನೇ ಕಣೆ. ಬೆಚ್ಚಗಿದ್ರೆ ಗೂಡು ಕಟ್ಟತೀನಿ" ಎಂದು ನಕ್ಕ. "ಮಗೀಗೆ ಜ್ವರ ಬಿಟ್ಟಿಲ್ಲ, ಎದ್ದೆದ್ದು ಬರಬೇಡ. ಸರಪಳಿ ಹಾಕ್ಕೊಂಡು ಹೋಗು. ಬೆಳಗ್ಗೆ ಸೊಪ್ಪು ತಂದಾಗ ತೆಗಿ."

ಅವಳು ಸರಪಳಿ ಹಾಕಿದಳು. ಎರಡು ವರ್ಷದ ಮಗಳು ಭಾಗ್ಯಳನ್ನು ಎದೆಗೆ ಹಾಕಿಕೊಂಡು ಮಲಗಿದಳು. ಮಗು ಬಹಳ ಹೊತ್ತು ಅತ್ತಿತು. ಅದು ಮಲಗಿದ ಮೇಲೆ ಇವಳಿಗೂ ಕಲ್ಲು ಬಿದ್ದಂಥ ನಿದ್ದೆ.

ಬೆಳಗ್ಗೆ ಸೊಪ್ಪಿನ ಕುಕ್ಕೆ ಹೊತ್ತು ಬಂದು ಸರಪಳಿ ತೆಗೆದು ಬಾಗಿಲು ನೂಕಿದಳು. ಬಾಗಿಲು ತೆರೆಯಲಿಲ್ಲ. ಒಳಗೆ ಏನೋ ಅಡ್ಡ ಇತ್ತು. ಭುಜ ಕೊಟ್ಟು ನೂಕಿದಳು. ಅಡ್ಡ ಇದ್ದದ್ದು ಆವಲಪ್ಪ.

ಅವನು ಬೋರಲಾಗಿ ಬಿದ್ದಿದ್ದ. ಒಂದು ಕೈ ಹೊಸ್ತಿಲ ಮೇಲಿತ್ತು. ಅವಳು ಎರಡೂ ರೆಟ್ಟೆ ಹಿಡಿದು ಮನೆಯ ನಡುವಿಗೆ ಎಳೆದು ಅಂಗಾತ ಮಾಡಿದಳು. ಹಣೆ ಒಡೆದಿತ್ತು. ಮೈ ತಣ್ಣಗಿತ್ತು. ಆದರೂ ಗಾಳಿ ಬರಲಿ ಎಂದು ಓಡಿ ಹೋಗಿ ಕಿಟಕಿಯ ಗೋಣಿ ಕಿತ್ತು ತಿಪ್ಪೆಯ ಕಡೆಗೆ ಎಸೆದಳು. ಆಮೇಲೆ ಕೂಗಿದಳು.

ಒಳಗೆ ಹುಳ ಒಂದೂ ಸತ್ತಿರಲಿಲ್ಲ. ಕೆಳಗೆ ಬಿದ್ದ ಹುಳ ಸಿಕ್ಕಿದ ಕಡೆ ನೂಲು ಎಳೆಯುತ್ತಿದ್ದವು. ನಾಲ್ಕು ಹುಳ ಅವನ ಅಂಗಿಯ ತೋಳಿನ ಮಡಿಕೆಯಲ್ಲಿ ಸೇರಿಕೊಂಡು ಗೂಡು ಹಾಕಲು ಶುರು ಮಾಡಿದ್ದವು.

ಊರು ಸೇರಿತು. ಹಣೆಯ ಗಾಯ ನೋಡಿದರು, ಬಿದ್ದ ತಟ್ಟೆ ನೋಡಿದರು, ಮುರಿದ ಅಗಳಿ ನೋಡಿದರು. ಯಾರೂ ಯಾರನ್ನೂ ಕೇಳಲಿಲ್ಲ. ಎಲ್ಲರ ತಲೆಯೂ ಪಿಳ್ಳಣ್ಣನ ಮನೆಯ ಕಡೆಗೆ ತಿರುಗಿತು. ಅವನು ಹಲ್ಲುಜ್ಜುತ್ತಾ ಓಡಿ ಬಂದ. ಬಾಯಿ ಮುಕ್ಕಳಿಸುವುದಕ್ಕೂ ಬಿಡದೆ ಅವನದೇ ಟವಲಿನಲ್ಲಿ ಅವನ ಕೈ ಹಿಂದಕ್ಕೆ ಕಟ್ಟಿ ಹುಣಸೆ ಮರದ ಕೆಳಗೆ ಕೂರಿಸಿದರು.

"ನಾನಲ್ಲ ಕಣ್ರಪ್ಪಾ. ನಮ್ಮಣ್ಣ ಕಣ್ರಪ್ಪಾ ಅವ್ನು."

"ಮೊನ್ನೆ ಬಾವಿ ತಾವ ಅಣ್ಣ ಅಂತ ಗೊತ್ತಿರ್ಲಿಲ್ವಾ? ಹೆಣ ಬೀಳ್ಸ್ತೀನಿ ಅಂದೆ, ಬೀಳ್ಸ್ದೆ. ಮಾತಿಗೆ ತಪ್ಪೋನಲ್ಲ ಬಿಡು ನೀನು" ಅಂದ ಯಾರೋ.

ಸಪ್ಪಲಮ್ಮ ಜಗಲಿಯ ಮೇಲೆ ಕೂತಿದ್ದಳು. ಮಗು ಮಡಿಲಲ್ಲಿತ್ತು. ಎಲ್ಲ ಕೇಳಿಸುತ್ತಿತ್ತು. ಅವಳು ಬಾಯಿ ಬಿಡಲಿಲ್ಲ. ಮೊದಲು ಬಿಡಲಾಗಲಿಲ್ಲ. ಆಮೇಲೆ ಬಿಡಲು ಮನಸ್ಸಾಗಲಿಲ್ಲ. ಕುಡುಗೋಲು ಎತ್ತಿದವನು ಕಟ್ಟು ಹಾಕಿಸಿಕೊಂಡು ಕೂತಿದ್ದಾನೆ, ಕೂರಲಿ ಅನ್ನಿಸಿತು. ಅವಳ ಪಕ್ಕದಲ್ಲಿ ಬೈರಮ್ಮ ಕೂತಿದ್ದಳು. ಒಬ್ಬ ಮಗ ಒಳಗೆ ಹೆಣ. ಒಬ್ಬ ಮಗ ಮರದ ಕೆಳಗೆ. ಬೈರಮ್ಮ ಅಳುತ್ತಿರಲಿಲ್ಲ. ಬಾಗಿಲಿನ ಸರಪಳಿಯನ್ನು ನೋಡುತ್ತಿದ್ದಳು. ಒಂದು ಸಲ ಸೊಸೆಯ ಮುಖ ನೋಡಿದಳು. ಮತ್ತೆ ಸರಪಳಿಯನ್ನು ನೋಡಿದಳು.

ಅತ್ತೆಗೆ ಗೊತ್ತು ಅಂದುಕೊಂಡಳು ಸಪ್ಪಲಮ್ಮ. ಮಗುವನ್ನು ಇನ್ನಷ್ಟು ಮಡಿಲಿಗೆ ಎಳೆದುಕೊಂಡಳು.

ಹತ್ತು ಗಂಟೆಗೆ ಠಾಣೆಯಿಂದ ದಫೇದಾರ ಗೋಪಾಲಪ್ಪ ಸೈಕಲ್ಲಿನಲ್ಲಿ ಬಂದ. ಜೊತೆಗೆ ಇಬ್ಬರು ಪೇದೆಗಳು. ಗೋಪಾಲಪ್ಪ ಕೆಟ್ಟವನಲ್ಲ, ಅವಸರದವನು. ಊರಿನ ಹಿರಿಯ ಆದಿನಾರಾಯಣಪ್ಪನ ಮನೆಯಿಂದ ಒಂದು ಕುರ್ಚಿ ತರಿಸಿ, ಹುಳದ ಮನೆಯ ಬಾಗಿಲ ಮುಂದೆ ಹಾಕಿಸಿದ. ಬಾಗಿಲಲ್ಲಿ ನಿಂತು ಒಳಗೆ ಒಂದು ಸಲ ಕಣ್ಣು ಆಡಿಸಿದ. ಚಪ್ಪಲಿ ಬಿಡದೆ ಒಳಗೆ ಹೋಗಿ ಗಾಯ ನೋಡಿ ಬಂದ. ಕೂತು ಮಹಜರು ಬರೆದ. ಆದಿನಾರಾಯಣಪ್ಪ ಮತ್ತೆ ನಾಲ್ವರು ಪಂಚರು ಸಹಿ ಹಾಕಿದರು. ಆಮೇಲೆ ಸಪ್ಪಲಮ್ಮನನ್ನು ಕರೆದರು, ಅವಳ ಹೇಳಿಕೆಗೆ.

ಹೇಳಿಕೆ ಆಗಲೇ ಬರೆದಾಗಿತ್ತು. ಗೋಪಾಲಪ್ಪ ಓದಿದ.

"...ಈ ದಿನ ಬೆಳಿಗ್ಗೆ ನಾನು ಸೊಪ್ಪು ತೆಗೆದುಕೊಂಡು ಹೋಗಿ ನೋಡಲಾಗಿ ನನ್ನ ಗಂಡನು ಹಣೆಗೆ ಪೆಟ್ಟು ಬಿದ್ದು ಮೃತನಾಗಿದ್ದು, ಬಾಗಿಲಿನ ಅಗಳಿ ಮುರಿದಿದ್ದು, ಮನೆಯ ಸಾಮಾನುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದು, ಜಟಾಪಟಿ ನಡೆದಿರುವಂತೆ ಕಂಡುಬಂದಿರುತ್ತದೆ. ನನ್ನ ಮೈದುನನ ಮೇಲೆ ನನಗೆ ಅನುಮಾನವಿರುತ್ತದೆ... ಕೇಳಿಸ್ತೇನಮ್ಮ? ಸಹಿ ಬರುತ್ತೋ, ಹೆಬ್ಬೆಟ್ಟೋ?"

"ಸಹಿ ಬತ್ತದೆ."

"ಹಾಕು ಇಲ್ಲಿ."

ಪೆನ್ನು ಕೈಗೆ ಬಂತು. ಹುಣಸೆ ಮರದ ಕೆಳಗಿಂದ ಪಿಳ್ಳಣ್ಣ ಕೂಗಿದ. "ಅತ್ತಿಗೇ! ಅಗಳಿ ದೀಪಾವಳಿಯಿಂದ ಮುರಿದಿತ್ತಲ್ಲ ಅತ್ತಿಗೆ! ಅದನ್ನಾದ್ರೂ ಹೇಳ್ರಿ!"

ಪೇದೆ ಅವನ ಬಾಯಿ ಮುಚ್ಚಿಸಿದ.

ಸಪ್ಪಲಮ್ಮ ಕಾಗದ ನೋಡಿದಳು. ಅಕ್ಷರಗಳು ಸಾಲಾಗಿ ಇರುವೆಯ ಹಾಗೆ ಇದ್ದವು. ಕೂಡಿಸಿ ಕೂಡಿಸಿ ಓದಲು ಅವಳಿಗೆ ಬರುತ್ತಿತ್ತು. ಆ ಒಂದು ಮಾತನ್ನು ಹುಡುಕಿದಳು. ಸಿಕ್ಕಿತು. ಆ ಮಾತಿನ ಮೇಲೆ ಕಣ್ಣಿಟ್ಟುಕೊಂಡು ನಿಂತಳು. ಬೆಳಗ್ಗೆಯಿಂದ ಅವಳು ನೋಡಲಾರದೆ ನೋಡಿದ್ದು ಒಂದಿತ್ತು. ಬಾಗಿಲು ತೆಗೆದ ಕ್ಷಣದಲ್ಲೇ ನೋಡಿದ್ದಳು. ಹದಿನಾರು ವರ್ಷ ಬೆಳಗ್ಗೆ ಬೆಳಗ್ಗೆ ಬಿದ್ದದ್ದನ್ನು ಓದಿದ ಕಣ್ಣು, ಬೇಡವೆಂದರೂ ಓದಿಬಿಟ್ಟಿತ್ತು. ಇವರು ಬರೆದ ಮಾತಿನೊಳಗೆ ಅದು ಇರಲಿಲ್ಲ. ಆವಲಪ್ಪ ಬಾಗಿಲಿಗೆ ನಡೆದು ಬಂದದ್ದು ಇರಲಿಲ್ಲ.

ಹೇಳಿದರೆ ಸರಪಳಿಯನ್ನೂ ಹೇಳಬೇಕು. ಹೇಳಿದರೆ ಜೈಲಿಗೆ ಹೋಗುವವಳು ತಾನು, ಮಗುವಿಗೆ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಹೇಳದಿದ್ದರೆ ಹೋಗುವವನು ಅವನು. ಕುಡುಗೋಲು ಎತ್ತಿದವನು. ಆದರೆ ಇದನ್ನು ಮಾಡದವನು.

"ಏನವ್ವಾ ಯೋಚ್ನೆ?" ಅಂದ ಆದಿನಾರಾಯಣಪ್ಪ. "ಹೋಗೋನು ಹೋದ. ಸಾಯ್ಸ್ದೋನ್ಗೆ ಶಿಕ್ಷೆ ಆಗ್ಬೇಕೋ ಬೇಡ್ವೋ?"

"ಸಾಮಿ, ಈ ಮಾತು ತಪ್ಪು" ಅಂದಳು ದಫೇದಾರನಿಗೆ.

"ಯಾವ ಮಾತು?"

"ಚೆಲ್ಲಾಪಿಲ್ಲಿ."

ಗೋಪಾಲಪ್ಪನಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ.

"ಒಳಗೆ ನೋಡಮ್ಮ. ಅದನ್ನ ಚೆಲ್ಲಾಪಿಲ್ಲಿ ಅನ್ನದೆ ಇನ್ನೇನಂತಾರೆ? ಜಗಳ ಆದ ಕಡೆ ಎಲ್ಲಾ ಹಾಗೇ ಬರೆಯೋದು. ಇಪ್ಪತ್ತು ವರ್ಷದಿಂದ ಬರೀತಿದೀನಿ."

"ಜಗಳ ಆದ ಕಡೆ ಬರ್ಕೊಳ್ರಿ. ಇಲ್ಲಿ ಜಗಳ ಆಗಿಲ್ಲ. ಚೆಲ್ಲಾಪಿಲ್ಲಿ ಅಂದ್ರೆ ದಿಕ್ಕು ದೆಸೆ ಇಲ್ದೆ ಬಿದ್ದಿರಬೇಕು. ಇಲ್ಲಿ ಬಿದ್ದಿರೋದಕ್ಕೆ ದಿಕ್ಕೈತೆ."

"ಏನಮ್ಮ ನೀನು ಹೇಳೋದು?"

"ಒಳಗೆ ಬನ್ರಿ. ಚಪ್ಪಲಿ ಬಿಟ್ಟು ಬನ್ರಿ."

ಮಗುವನ್ನು ಬೈರಮ್ಮನ ಮಡಿಲಿಗೆ ಹಾಕಿ ಅವಳು ಒಳಗೆ ಹೋದಳು. ಗೋಪಾಲಪ್ಪ ಯಾಕೋ ಚಪ್ಪಲಿ ಬಿಟ್ಟ. ಪಂಚರು ಬಾಗಿಲಲ್ಲಿ ಒತ್ತಿಕೊಂಡು ನಿಂತರು. ಅವಳು ಹೆಣದ ಕಡೆ ನೋಡಲಿಲ್ಲ. ನೇರವಾಗಿ ಆಚೆ ಮೂಲೆಗೆ ಹೋದಳು.

"ಇದು ಕೆಂಡದ ಬಾನಲಿ. ನೋಡ್ರಿ, ನೆಟ್ಟಗೈತೆ. ಇಬ್ರು ಹೊಡೆದಾಡಿದ್ರೆ ಮೊದಲು ಉರುಳೋದು ಇದು. ಒಂದು ಚೂರು ಬೂದಿ ಆಚೆ ಬಿದ್ದಿಲ್ಲ. ಇದು ಅವ್ನ ಕಂಬಳಿ. ಒಂದು ಕಡೆ ಮಡಚಿದೆ. ಯಾರೂ ಎಳ್ದಿಲ್ಲ, ಅವ್ನೇ ಎದ್ದವ್ನೆ. ಇದು ಚೊಂಬು. ಅರ್ಧ ನೀರೈತೆ. ಬಾಯಾರ್ಕೆ ಆಗಿ ಎದ್ದು ಕುಡ್ದವ್ನೆ. ನೆಟ್ಟಗೆ ಇಟ್ಟವ್ನೆ."

ಅವಳ ದನಿ ಒಂದೇ ಸಮ ಇತ್ತು. ಒಂದು ಹೆಜ್ಜೆ ಈಚೆಗೆ ಬಂದಳು.

"ಇಲ್ಲಿ ಚಂದ್ರಿಕೆ ಬಿದ್ದೈತೆ. ಬಾಗಿಲ ಕಡೆಗೆ ಬಿದ್ದೈತೆ. ಇದನ್ನ ಹಿಡ್ಕೊಂಡವ್ನೆ, ನಿಂತಿಲ್ಲ ಅದು. ಆಮೇಲೆ ಅಟ್ಟಣೆ ಹಿಡ್ಕೊಂಡವ್ನೆ. ನೋಡ್ರಿ, ಬಿದ್ದಿರೋ ತಟ್ಟೆ ಯಾವ್ದು? ಮೇಲಿನ ಸಾಲು ಅಲ್ಲಾಡಿಲ್ಲ. ಎದೆ ಮಟ್ಟದ ಸಾಲು. ಮೊದಲನೇದು ಇಲ್ಲಿ. ಎರಡನೇದು ಅಲ್ಲಿ." ಇನ್ನೂ ಒಂದು ಹೆಜ್ಜೆ. "ಇಲ್ಲಿಂದ ಎದೆ ಮಟ್ಟದ್ದು ಬಿದ್ದಿಲ್ಲ. ಮೊಣಕಾಲು ಮಟ್ಟದ್ದು ಬಿದ್ದವೆ. ಇಲ್ಲಿಗೆ ಬರೋ ಹೊತ್ಗೆ ಅವ್ನು ನಿಂತಿಲ್ಲ. ತೆವಳ್ತಾ ಅವ್ನೆ."

ಅವಳು ಅಟ್ಟಣೆಯ ಬುಡಕ್ಕೆ ಬಗ್ಗಿದಳು.

"ಇದು ಅಟ್ಟಣೆ ಕಾಲಿನ ಕಲ್ಲು ಬಟ್ಲು. ಇರುವೆಗೆ ಅಂತ ನೀರು ಹಾಕಿಡೋದು. ಇದರ ಅಂಚಲ್ಲಿ ರಕ್ತ ಐತೆ. ಹಣೆ ಒಡೆದಿದ್ದು ಇದಕ್ಕೆ. ಆಮೇಲೂ ಅವ್ನು ನಿಂತಿಲ್ಲ, ಮುಂದಕ್ಕೆ ಹೋಗವ್ನೆ. ಜಾಡು ನೋಡ್ರಿ, ನೀರು ಚೆಲ್ಲಿ ನೆಲ ಎಷ್ಟು ದೂರ ಉಜ್ಜೈತೆ." ಅವಳು ಬಾಗಿಲ ಹತ್ತಿರ ಬಂದು ಕೂತಳು. ಬಾಗಿಲ ಹಲಗೆಯ ಕೆಳತುದಿಯ ಮೇಲೆ ಬೆರಳಿಟ್ಟಳು. "ಇದು ಅವ್ನ ಉಗುರು."

ಗೋಪಾಲಪ್ಪ ಬಗ್ಗಿ ನೋಡಿದ. ಹಳೇ ಹಲಗೆಯ ಮೇಲೆ ನಾಲ್ಕು ಹೊಸ ಗೀರು. ಬಹಳ ಹೊತ್ತು ನೋಡಿದ. ನಿಧಾನವಾಗಿ ನೆಟ್ಟಗಾದ.

"ಹೆಣ ನಡುವೆ ಇದೆಯಲ್ಲ?"

"ನಾನು ಎಳ್ದೆ. ಇಲ್ಲಿ ಬಾಗಿಲಿಗೆ ಅಡ್ಡ ಇದ್ದ. ಕಿಟಕೀಲಿ ಗೋಣಿ ತುರುಕಿತ್ತು. ಅದೂ ನಾನೇ ತುರುಕಿದ್ದು, ನಾನೇ ಕಿತ್ತಿದ್ದು. ತಿಪ್ಪೆ ಮೇಲೈತೆ."

"ಸರಿ. ಬಾಗಿಲ ತನಕ ಬಂದ. ಅಗಳಿ ಮುರಿದಿದೆ. ಎಳೆದ್ರೆ ಬರೋ ಬಾಗಿಲು. ಯಾಕೆ ತೆಗೀಲಿಲ್ಲ?"

ಅವಳು ಕೂತಲ್ಲೇ ತಲೆ ಎತ್ತಿದಳು. ಅವನೇ ಕೇಳಲಿ ಎಂದು ಕಾದಿದ್ದಳೋ, ಕೇಳದಿರಲಿ ಎಂದು ಕಾದಿದ್ದಳೋ.

"ಹೊರಗೆ ಸರಪಳಿ ಹಾಕಿತ್ತು."

"ಯಾರು ಹಾಕಿದ್ದು?"

"ನಾನು."

ಹೊರಗೆ ಯಾರೋ ಹೆಂಗಸು "ಅಯ್ಯೋ ಶಿವನೇ" ಅಂದಳು. ಆದಿನಾರಾಯಣಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಪಿಳ್ಳಣ್ಣನನ್ನು ಕಾಯುತ್ತಿದ್ದ ಪೇದೆ ಅವನನ್ನು ಬಿಟ್ಟು ಬಾಗಿಲಿಗೆ ಬಂದ.

"ನೀನೇ ಹಾಕಿದೆ" ಅಂದ ಗೋಪಾಲಪ್ಪ.

"ಅವ್ನು ಹಾಕು ಅಂದ. ಹಾಕಿದೆ. ಬಾಗಿಲು ನಿಲ್ತಿರ್ಲಿಲ್ಲ. ಮೊನ್ನೆ ನಾನು ಒಳಗಿದ್ದೆ, ಅವ್ನು ಹಾಕಿದ್ದ. ನಂಬಿದ್ರೆ ನಂಬ್ರಿ. ನಂಬದಿದ್ರೆ ನನ್ನ ಕರ್ಕೊಂಡು ಹೋಗ್ರಿ. ಅವನ್ನ ಬಿಡ್ರಿ. ಅವ್ನು ರಾತ್ರಿ ಈ ಕಡೆ ಬಂದೇ ಇಲ್ಲ."

ಗೋಪಾಲಪ್ಪ ಹೊರಗೆ ಬಂದು ಕುರ್ಚಿಯ ಮೇಲೆ ಕೂತ. ಬರೆದ ಹೇಳಿಕೆಯನ್ನು ಹರಿಯಲಿಲ್ಲ. ಹೊಸ ಹಾಳೆ ತೆಗೆದ. ಬಾನಲಿಯಿಂದ ಹಿಡಿದು ಉಗುರಿನ ತನಕ ಒಂದೊಂದಾಗಿ ಅವಳ ಬಾಯಿಂದ ಮತ್ತೆ ಹೇಳಿಸಿ ಬರೆದ. ಮೂರು ಹಾಳೆಯಾಯಿತು. ಓದಿ ಹೇಳಿದ. ಅವಳು ಒಂದು ಕಡೆ ತಡೆದಳು. "ಚಂದ್ರಿಕೆ ಮುರಿದಿಲ್ಲ ಸಾಮಿ, ಬಿದ್ದಿರೋದು." ಅವನು ತಿದ್ದಿದ. ಅವಳು ಸಹಿ ಹಾಕಿದಳು. ಅಕ್ಷರ ಎರಡನೇ ಕ್ಲಾಸಿನ ಅಕ್ಷರ. ದುಂಡಗೆ, ದೊಡ್ಡದಾಗಿ.

ಹೆಣವನ್ನು ಗಾಡಿಯ ಮೇಲೆ ಆಸ್ಪತ್ರೆಗೆ ತೆಗೆದುಕೊಂಡು ಹೋದರು. ಸಪ್ಪಲಮ್ಮನನ್ನು ಬಸ್ಸಿನಲ್ಲಿ ಠಾಣೆಗೆ ಕರೆದುಕೊಂಡು ಹೋದರು. ಹೊರಡುವಾಗ ಪಿಳ್ಳಣ್ಣ ಕೈ ಉಜ್ಜಿಕೊಳ್ಳುತ್ತಾ ದಾರಿಗೆ ಅಡ್ಡ ನಿಂತ. ಮುಖ ಎತ್ತಲಿಲ್ಲ.

"ಯಾಕೆ ಹೇಳಿದ್ರಿ ಅತ್ತಿಗೆ?"

"ನೀನಲ್ಲ. ಅದ್ಕೆ."

"ನಾನು ಮೊನ್ನೆ..."

"ಅದು ಬೇರೆ. ಅದಕ್ಕೆ ನಿನ್ನ ಮುಖ ನೋಡಲ್ಲ ನಾನು. ಹುಳ ಎತ್ತಿ ಚಂದ್ರಿಕೆ ಮೇಲೆ ಬಿಡು ಹೋಗು. ಅವಕ್ಕೇನು ಗೊತ್ತು."

ಮೂರು ದಿನ ಠಾಣೆಯ ವರಾಂಡದಲ್ಲಿ ಕೂತಳು. ಜ್ವರದ ಮಗು ಜೊತೆಗಿತ್ತು. ಗೋಪಾಲಪ್ಪನ ಹೆಂಡತಿ ಎರಡು ಹೊತ್ತು ಗಂಜಿ ಕಳಿಸಿದಳು. ದೊಡ್ಡ ಅಧಿಕಾರಿ ಬಂದು ಕೇಳಿದ್ದನ್ನೇ ಕೇಳಿದ. ಗಂಡಹೆಂಡಿರಿಗೆ ಚೆನ್ನಾಗಿತ್ತಾ, ಬೇರೆ ಯಾರಾದರೂ ಇದ್ದಾರಾ, ಕಿಟಕಿ ಯಾಕೆ ಮುಚ್ಚಿದೆ. ಅವಳು ಅದೇ ಉತ್ತರ ಕೊಟ್ಟಳು. ನಾಲ್ಕನೇ ದಿನ ಡಾಕ್ಟರ ಕಾಗದ ಬಂತು. ಇದ್ದಿಲ ಕೆಂಡದಿಂದ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಿಷದ ಗಾಳಿ ಬರುತ್ತದೆ, ಮುಚ್ಚಿದ ಮನೆಯಲ್ಲಿ ಅದು ಮನುಷ್ಯನನ್ನು ಕೊಲ್ಲುತ್ತದೆ, ಹಣೆಯ ಪೆಟ್ಟು ಬಿದ್ದಾಗ ಆದದ್ದು ಎಂದು ಬರೆದಿತ್ತಂತೆ. ಗೋಪಾಲಪ್ಪ ಅದನ್ನು ಎರಡು ಸಲ ಓದಿ ಹೇಳಿದ.

"ಹೊಗೆ ಇರ್ಲಿಲ್ಲ ಸಾಮಿ" ಅಂದಳು.

"ಹೊಗೆ ಬೇಕಾಗಿಲ್ವಂತೆ ತಾಯಿ" ಅಂದ.

ಆಕಸ್ಮಿಕ ಸಾವು ಎಂದು ಬರೆದು ಕಳಿಸಿದರು. ಅಷ್ಟರಲ್ಲಿ ಪಿಳ್ಳಣ್ಣನೇ ಅಣ್ಣನನ್ನು ಮಣ್ಣು ಮಾಡಿದ್ದ.

ಊರಿಗೆ ಡಾಕ್ಟರ ಕಾಗದ ಬರಲಿಲ್ಲ. ಬಾವಿಕಟ್ಟೆಯಲ್ಲಿ ಅವಳು ಹೋದರೆ ಮಾತು ನಿಲ್ಲುತ್ತಿತ್ತು. ಅವಳು ಕೊಡ ತುಂಬಿಕೊಂಡು ತಿರುಗಿದರೆ ಹಿಂದಿನಿಂದ ಶುರುವಾಗುತ್ತಿತ್ತು. "ಹೊರಗೆ ಸರಪಳಿ, ಒಳಗೆ ಕೆಂಡ. ಆಮೇಲೆ ಇವ್ಳಿಗೆ ನಿದ್ದೆ ಬೇರೆ ಬಂತಂತೆ." ಅವಳು 'ನಿದ್ದೆ ಬಂತು' ಅನ್ನುವುದನ್ನು ಅಲ್ಲಗಳೆಯಲಿಲ್ಲ. ಬಂದಿತ್ತು. ಆದರೆ ಆ ವರ್ಷದಿಂದ ಸುತ್ತಿನ ಮನೆಗಳಲ್ಲಿ ಕೆಂಡ ಇಟ್ಟರೆ ಕಿಟಕಿ ಒಂದು ಗೇಣು ತೆರೆದಿಡತೊಡಗಿದರು. ಅವಳಿಗೆ ಬೈಯುತ್ತಲೇ ತೆರೆದಿಟ್ಟರು.

ತಿಥಿಯ ದಿನ ನೆಂಟರು ಉಂಡು ಹೋದ ಮೇಲೆ, ಮಧ್ಯಾಹ್ನ, ಅತ್ತೆ ಸೊಸೆ ಇಬ್ಬರೇ ಉಳಿದರು. ಠಾಣೆಯಿಂದ ಬಂದ ಮೇಲೆ ಬೈರಮ್ಮ ಅವಳ ಜೊತೆ ಮಾತಾಡಿರಲಿಲ್ಲ. ಅನ್ನ ಬಡಿಸುತ್ತಿದ್ದಳು, ಮಗು ಎತ್ತಿಕೊಳ್ಳುತ್ತಿದ್ದಳು, ಮಾತಿಲ್ಲ. ಸಪ್ಪಲಮ್ಮ ಪಾತ್ರೆಗೆ ಬೂದಿ ಹಾಕಿ ಉಜ್ಜುತ್ತಿದ್ದಳು. ಬೈರಮ್ಮ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಒಂದು ಕೇಳ್ತೀನಿ. ಸುಳ್ಳು ಹೇಳಬೇಡ."

"ಕೇಳತ್ತೆ."

"ಕೂಗಿದ್ನೇನೆ ಅವ್ನು?"

ಪೋಲೀಸರು ಕೇಳಿರಲಿಲ್ಲ. ದೊಡ್ಡ ಅಧಿಕಾರಿ ಕೇಳಿರಲಿಲ್ಲ. ಸಪ್ಪಲಮ್ಮ ಉಜ್ಜುವುದನ್ನು ನಿಲ್ಲಿಸಿದಳು. ಅಂಗಳದ ಆಚೆಗೆ ಹುಳದ ಮನೆ. ನಡುವೆ ಮೂವತ್ತು ಹೆಜ್ಜೆ.

"ಕೂಗಿರ್ಬೇಕು ಅತ್ತೆ. ಉಗುರು ಹಾಕಿದೋನು ಕೂಗದೆ ಇರ್ತಾನಾ? ನಂಗೆ ಕೇಳಿಸ್ಲಿಲ್ಲ."

ಬೈರಮ್ಮ ನೆಲಕ್ಕೆ ಚೆಲ್ಲಿದ ಬೂದಿಯನ್ನು ಬೆರಳಲ್ಲಿ ಗುಡ್ಡೆ ಮಾಡಿದಳು.

"ನಾನು ಜಗಲಿ ಮೇಲೆ ಮಲಗಿದ್ದೆ" ಅಂದಳು ಕೊನೆಗೆ. "ನಿನಗಿಂತ ಹತ್ರ. ನಂಗೂ ಕೇಳಿಸ್ಲಿಲ್ಲ ಕಣೆ."

ಕೈ ಚಾಚಿ ಅರ್ಧ ಉಜ್ಜಿದ ಪಾತ್ರೆಯನ್ನು ತೆಗೆದುಕೊಂಡಳು. ಉಳಿದ ಅರ್ಧವನ್ನು ತಾನು ಉಜ್ಜಿದಳು. ಎಪ್ಪತ್ತೆಂಟರಲ್ಲಿ ಬೈರಮ್ಮ ಸಾಯುವ ತನಕ ಇಬ್ಬರೂ ಒಂದೇ ಮನೆಯಲ್ಲಿದ್ದು ಹುಳ ಮೇಯಿಸಿದರು. ಇಬ್ಬರಿಗೂ ಮತ್ತೆ ಒಂದು ರಾತ್ರಿಯೂ ಪೂರಾ ನಿದ್ದೆ ಹತ್ತಲಿಲ್ಲ.